ಕೈ ಮೆತ್ತಗಾದ ಮೇಲೆ

ಫೆಬ್ರವರಿ 6

ಅಮ್ಮ,

ನಾನು ಚೆನ್ನಾಗಿದ್ದೇನೆ. ಈ ಸಾಲನ್ನು ಎರಡು ಸಲ ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದು. ನಿಂತುಕೊಂಡು ಓದಬೇಡ, ಕೂತುಕೋ.

ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀಯ. ಹಾಗೆ ಸೇರಿಸಿಕೊಂಡೇ ಹೋದ ವರ್ಷ ನನಗೆ ಕಾಮಾಲೆ ಬಂದಿದೆ ಎಂದು ಇಡೀ ಕಟ್ಟಡಕ್ಕೆ ಸಾರಿಬಿಟ್ಟಿದ್ದೆ. ನಾನು ಹೇಳಿದ್ದು ಹಳದಿ ಕೊಡೆ ಕೊಂಡ ವಿಷಯ.

ಸೋಮವಾರ ಬೆಳಗ್ಗೆ ಲ್ಯಾಬಿನ ಹಿಂದಿನ ಮೆಟ್ಟಿಲಿನಲ್ಲಿ ಒಬ್ಬ ನನ್ನನ್ನು ಹಿಡಿದುಕೊಂಡ. ಹಲ್ಲಿನ ಸೆಟ್ಟು ಮಾಡುವ ನಮ್ಮ ಲ್ಯಾಬು ಮೂರನೇ ಮಹಡಿಯಲ್ಲಿದೆ, ಮುಂದೆ ಲಿಫ್ಟು, ಹಿಂದೆ ಕಿಟಕಿಯಿಲ್ಲದ ಮೆಟ್ಟಿಲು ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅದೇ ಮೆಟ್ಟಿಲು. ಅಚ್ಚು ಬೇಯಿಸುವ ಭಾರದ ಹಿತ್ತಾಳೆ ಡಬ್ಬಿಯ ತಿರುಪು ಸವೆದಿತ್ತು. ಅದನ್ನು ಸರಿಮಾಡಿಸಲು ಕೈಚೀಲದಲ್ಲಿ ಹಾಕಿಕೊಂಡು ಇಳಿಯುತ್ತಿದ್ದೆ. ತಿರುವಿನಲ್ಲಿ ಅವನು ನಿಂತಿದ್ದ. ಗುರುತಿನವನಲ್ಲ. ದಾರಿ ಬಿಡುವವನ ಹಾಗೆ ಗೋಡೆಗೆ ಸರಿದ. ನಾನು ದಾಟುತ್ತಿದ್ದಂತೆ ಹಿಂದಿನಿಂದ ತೋಳು ಹಿಡಿದು ಎಳೆದ.

ನೀನು ಕಲಿಸಿದ್ದು ನನ್ನ ಕೈಗೆ ಮರೆತಿರಲಿಲ್ಲ, ಅಮ್ಮ. ಒಂದು ಕೈ ಅವನ ಮಣಿಕಟ್ಟಿಗೆ, ಇನ್ನೊಂದು ಮೊಣಕೈಗೆ, ಪಕ್ಕಕ್ಕೆ ಒಂದು ಹೆಜ್ಜೆ. ಗೋಡೆಗೆ ಒತ್ತಿ ಹಿಡಿದೆ. ಎದೆಯ ಮೇಲೆ ಭಾರ ಹಾಕಲಿಲ್ಲ, ಕತ್ತು ಮುಟ್ಟಲಿಲ್ಲ. ತಗ್ಗಿದ ದನಿಯಲ್ಲಿ, ನೀನು ಹೇಳುವ ಹಾಗೆಯೇ, "ಆಯ್ತು, ಆಯ್ತು" ಅಂದೆ. ಅವನ ಕೈ ಮೆತ್ತಗಾಯಿತು. ನನ್ನ ಕೈಯೂ ಮೆತ್ತಗಾಯಿತು. ಆಮೇಲೆ ಪೊಲೀಸರು ಬಂದರು, ಕರೆದುಕೊಂಡು ಹೋದರು.

ಅಷ್ಟೇ ನಡೆದದ್ದು. ಬೇರೆ ಯಾರಿಂದಲೋ ಕೇಳಿ ನೀನು ಹೆದರಬಾರದೆಂದು ಬರೆದೆ. ಯಜಮಾನರು ರಜೆ ಕೊಟ್ಟಿದ್ದಾರೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನ ಸೊಳ್ಳೆ


ಫೆಬ್ರವರಿ 13

ನನ್ನ ಸೊಳ್ಳೆಮರಿ,

ನೀರು ಕುಡಿಯಲಿಲ್ಲ. ನಿಂತುಕೊಂಡೇ ಓದಿದೆ. "ಹಿಡಿದುಕೊಂಡ" ಎನ್ನುವ ಮಾತಿಗೆ ಬಂದಾಗ ಕೂತುಬಿಟ್ಟೆ, ಕುರ್ಚಿ ಒಂದು ಗೇಣು ಆಚೆಗಿತ್ತು, ನೆಲಕ್ಕೇ ಕೂತೆ. ಉಳಿದದ್ದನ್ನು ನೆಲದ ಮೇಲೆಯೇ ಓದಿ ಮುಗಿಸಿದೆ. ಆಮೇಲೆ ಅಳು ಬಂತು. ಅಳು ಮುಗಿದ ಮೇಲೆ ಏನು ಬಂತು ಗೊತ್ತಾ? ಹೆಮ್ಮೆ. ಮುಚ್ಚಿಡುವುದೇಕೆ, ಎದ್ದು ನಿಂತಾಗ ನಾನು ಒಂದು ಅಂಗುಲ ಉದ್ದವಾಗಿದ್ದೆ.

ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಇಡೀ ಆಯಸ್ಸು ಆಯಾ ಆಗಿ ಕಳೆದವಳಿಗೆ ನಿವೃತ್ತಿಯ ದಿನ ಏನು ಸಿಕ್ಕಿತು ಹೇಳು? ಒಂದು ಗೋಡೆ ಗಡಿಯಾರ, ಅದೂ ನಿಧಾನ ಓಡುವುದು. ಆದರೆ ಈಗ ಗೊತ್ತಾಯಿತು, ನನ್ನ ಕೆಲಸ ಆ ಗೇಟಿನೊಳಗೇ ಉಳಿದಿಲ್ಲ. ಎಷ್ಟು ಕೆರಳಿದವರು ಬಂದರು, ಕಚ್ಚಿದರು, ಉಗಿದರು, ತಟ್ಟೆ ಎಸೆದರು. ಒಬ್ಬರ ಮೇಲೂ ಕೈ ಎತ್ತಲಿಲ್ಲ. ಹಿಡಿದೆ, ಹೊಡೆಯಲಿಲ್ಲ. ನಿನಗೆ ಏಳೋ ಎಂಟೋ ವರ್ಷವಿದ್ದಾಗ ಊಟ ಮುಗಿದ ಮೇಲೆ ನಿನ್ನನ್ನೇ ರೋಗಿ ಮಾಡಿ ತೋರಿಸುತ್ತಿದ್ದೆ, ನೆನಪಿದೆಯಾ? ನೀನು ಕಿಲಕಿಲ ನಗುತ್ತಾ ಒದೆಯುತ್ತಿದ್ದೆ. "ಕೈ ಮೆತ್ತಗಾದ್ರೆ ಬಿಡ್ತೀನಿ" ಅನ್ನುತ್ತಿದ್ದೆ ನಾನು. ಬೇಕೆಂದೇ ಮೆತ್ತಗಾಗುತ್ತಿರಲಿಲ್ಲ ನೀನು, ಹಿಡಿದುಕೊಂಡೇ ಇರಲಿ ಎಂದು.

ಪತ್ರವನ್ನು ಬೀಗದ ಕೈಗೆ ಓದಿ ಹೇಳಿದೆ. ಅದೇ, ವಾರ್ಡಿನ ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ ನಿನ್ನ ಆಂಟಿ. ಈಗಲೂ ನನ್ನ ಎದುರುಮನೆಯೇ, ಈಗಲೂ ಅವಳ ಗಂಡನಿಗಿಂತ ಆ ಗೊಂಚಲಿನ ಮೇಲೆಯೇ ಅವಳಿಗೆ ಪ್ರೀತಿ. ಕೇಳಿ ಅವಳು, "ಇದನ್ನ ನಮ್ಮ ಕಟ್ಟಡದ ಹೆಣ್ಣುಮಕ್ಕಳಿಗೂ ಹೇಳಿಕೊಡ್ಬಾರದೇನೇ? ಸುಮ್ನೆ ಕೂತು ತೂಕ ಬೆಳೆಸ್ತಾ ಇದ್ದೀಯ" ಅಂದಳು. ನನಗೂ ಹೌದೆನಿಸಿತು. ನಿನ್ನೆಯಿಂದ ತಾರಸಿಯ ಮೇಲೆ ಪಾಠ ಶುರು. ಬೀಗದ ಕೈ ಕೇಡಿಯ ಪಾತ್ರ ಮಾಡುತ್ತಾಳೆ. ಮೀಸೆ ಬರೆದುಕೊಂಡು ಬಂದಿದ್ದಳು, ಯಾರೂ ಹೇಳಿರಲಿಲ್ಲ.

ಆ ಹಿತ್ತಾಳೆ ಡಬ್ಬಿ ಬಿದ್ದು ನಗ್ಗಲಿಲ್ಲ ತಾನೆ? ಅಂಥ ಸಾಮಾನು ಮತ್ತೆ ಸಿಗುವುದು ಕಷ್ಟ ಎಂದು ನೀನೇ ಹೇಳಿದ್ದೆ.

ಅಮ್ಮ

ಮತ್ತೆ: ಬಸ್ಸಿನಲ್ಲಿ ಬರೆದರೂ ಇಷ್ಟು ಕೆಟ್ಟ ಅಕ್ಷರವಾ? ಕೋಳಿ ಕೆದರಿದ ಹಾಗಿದೆ.


ಫೆಬ್ರವರಿ 22

ಅಮ್ಮ,

ಡಬ್ಬಿ ನಗ್ಗಿಲ್ಲ.

ಪಾಠ ಈಗಲೇ ಬೇಡ ಅಂತ ನನಗೆ ಅನಿಸುತ್ತದೆ. ನಿನ್ನ ಮೊಣಕಾಲಿಗೆ ತಾರಸಿಯ ಮೆಟ್ಟಿಲು ಆಗುವುದಿಲ್ಲ. ಅಲ್ಲದೆ ವಾರ್ಡು ಬೇರೆ, ಬೀದಿ ಬೇರೆ.

ಒಂದು ಮಾತು ಕೇಳಬೇಕಿತ್ತು. ನಿನ್ನ ಇಷ್ಟು ವರ್ಷದ ಕೆಲಸದಲ್ಲಿ, ಕೈ ಮೆತ್ತಗಾದ ಮೇಲೆ, ನೀನು ಬಿಟ್ಟ ಮೇಲೆ, ಯಾರಾದರೂ ಮತ್ತೆ ಮೈಮೇಲೆ ಬಂದದ್ದಿದೆಯಾ? ಸುಮ್ಮನೆ ಕೇಳಿದೆ. ಬಿಡುವಿದ್ದಾಗ ಬರೆ.

ಇಲ್ಲಿ ಚಳಿ ಕಮ್ಮಿಯಾಗಿದೆ. ಆದರೂ ನೀನು ಹೆಣೆದುಕೊಟ್ಟ ಕತ್ತಿನ ಪಟ್ಟಿಯನ್ನು ದಿನವೂ ಸುತ್ತಿಕೊಳ್ಳುತ್ತಿದ್ದೇನೆ.

ಸೊಳ್ಳೆ


ಮಾರ್ಚ್ 2

ಸೊಳ್ಳೆಮರಿ,

ಇಷ್ಟು ಗಿಡ್ಡ ಪತ್ರಕ್ಕೆ ಇಷ್ಟು ದೊಡ್ಡ ಲಕೋಟೆ ಯಾಕೆ ಹಾಳು ಮಾಡಿದೆ?

ಮುನಿಸು ಗೊತ್ತಾಯಿತು ನನಗೆ. ಚಿಕ್ಕಂದಿನಲ್ಲೂ ಹೀಗೇ, ನಾನು ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡರೆ ಮುಖ ಊದಿಸಿಕೊಂಡು ಮೂಲೆ ಸೇರುತ್ತಿದ್ದೆ. ಈಗ ನಿನ್ನ ಪಾಠವನ್ನು ಬೇರೆ ಹುಡುಗಿಯರಿಗೆ ಹಂಚುತ್ತಿದ್ದೇನೆಂದು ಹೊಟ್ಟೆಕಿಚ್ಚು. ಮೊದಲ ಶಿಷ್ಯೆ ನೀನೇ, ಸಮಾಧಾನ ಮಾಡಿಕೋ. ಮೊಣಕಾಲಿನ ನೆಪ ಹೇಳಬೇಡ. ವಾರ್ಡು ಬೇರೆ ಬೀದಿ ಬೇರೆ ಅಂತೆ! ಮನುಷ್ಯನ ಕೈ ಎಲ್ಲಾ ಕಡೆ ಒಂದೇ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನನ್ನ ಕೈಯಲ್ಲಿ ಮೆತ್ತಗಾದವರು ಯಾರೂ ಮತ್ತೆ ಮೈಮೇಲೆ ಬರಲಿಲ್ಲ. ಅದಕ್ಕೇ ಧೈರ್ಯವಾಗಿ ಹೇಳಿಕೊಡುತ್ತಿದ್ದೇನೆ.

ಮತ್ತೆ ಈಗ ಬಿಟ್ಟರೆ ಆಗುವುದೂ ಇಲ್ಲ. ಎರಡನೇ ಮಹಡಿಯಲ್ಲಿ ಬೇಕರಿಗೆ ಹೋಗುವ ಹುಡುಗಿ ಇದ್ದಾಳೆ. ಬೆಳಗಾಗುವ ಮೊದಲೇ ಒಲೆ ಹಚ್ಚಬೇಕಾದವಳು. ರೈಲು ಹಳಿಯ ಕೆಳಗಿನ ದಾರಿಯಲ್ಲಿ ಒಬ್ಬ ಅವಳ ಹಿಂದೆ ಬರುತ್ತಾನಂತೆ. ಮಾತಾಡುವುದಿಲ್ಲ, ಮುಟ್ಟುವುದಿಲ್ಲ, ಸುಮ್ಮನೆ ಹಿಂದೆ ಬರುವುದು. ಮೊದಲು ಆಚೆ ಬದಿಯಲ್ಲಿ ನಡೆಯುತ್ತಿದ್ದ, ಈಗ ಇದೇ ಬದಿಗೆ ಬಂದಿದ್ದಾನೆ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆ ಎಂದು ಬಾಯಿಬಿಟ್ಟಿಲ್ಲ, ನನ್ನೊಬ್ಬಳಿಗೇ ಹೇಳಿದಳು. ನಾನಂದೆ, "ಹೆದರ್ಬೇಡ. ಹಿಡಿ. ಗೋಡೆಗೆ ಒತ್ತು. ಆಯ್ತು ಆಯ್ತು ಅನ್ನು. ಮೆತ್ತಗಾದ್ರೆ ಬಿಡು, ಹೋಗ್ತಾನೆ. ನನ್ನ ಮಗಳು ಹಿಂಗೇ ಮಾಡಿದ್ಲು." ಅವಳು ಎಷ್ಟು ಚೆನ್ನಾಗಿ ಕಲಿತಿದ್ದಾಳೆಂದರೆ ಬೀಗದ ಕೈಯನ್ನು ಗೋಡೆಗೆ ಒತ್ತಿ, ಮೆಲ್ಲಗೆ ಬಿಟ್ಟು, ತಲೆ ಸವರಿ ನೀರು ಕೂಡ ಕೊಟ್ಟಳು.

ನಿನ್ನ ಅಕ್ಷರ ಇನ್ನೂ ಸರಿಹೋಗಿಲ್ಲ. ಬಸ್ಸಿನಲ್ಲೇ ವಾಸ ಮಾಡುತ್ತಿದ್ದೀಯಾ?

ಅಮ್ಮ


ಮಾರ್ಚ್ 9

ಅಮ್ಮ,

ನಿನ್ನ ಪತ್ರ ಬಂದ ಗಳಿಗೆಯಲ್ಲೇ ಆಂಟಿಗೆ ಫೋನ್ ಮಾಡಿದೆ. ಆ ಬೇಕರಿ ಹುಡುಗಿ ಇನ್ನು ಮುಂದೆ ಒಬ್ಬಳೇ ಆ ದಾರಿಯಲ್ಲಿ ಹೋಗಬಾರದು, ಯಾಕೆಂದು ಅಮ್ಮನಿಗೆ ಪತ್ರದಲ್ಲಿ ಬರೆಯುತ್ತೇನೆ ಅಂದೆ. ಆಂಟಿ "ಆಯ್ತು ಕಣಮ್ಮ" ಅಂದರು. ಇಷ್ಟು ಬರೆದು ಲೇಖನಿ ಕೆಳಗಿಟ್ಟು ಚಹಾ ಮಾಡಿಕೊಂಡು ಬಂದೆ. ಆ ಚಹಾ ಆರಿತು. ಈಗ ಬರೆಯುತ್ತೇನೆ.

ಮೆಟ್ಟಿಲಿನವನು ನಿನ್ನ ವಾರ್ಡಿನವನಲ್ಲ, ಅಮ್ಮ.

ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳಲ್ಲ. ಅವನ ಕೈ ಮೆತ್ತಗಾಯಿತು ಎನ್ನುವ ತನಕ ಎಲ್ಲವೂ ನಿಜ. "ಆಯ್ತು, ಆಯ್ತು" ಅಂದದ್ದೂ ನಿಜ. ನನ್ನ ದನಿಯಲ್ಲಿ ನಿನ್ನ ದನಿಯೇ ಬಂದಂತಾಗಿ ಒಂದು ಕ್ಷಣ ಧೈರ್ಯವೂ ಆಯಿತು. ಅವನು ತಲೆ ತಗ್ಗಿಸಿದ, ಕೈ ಸಡಿಲ ಬಿಟ್ಟ. ಪಾಪ ಅನಿಸಿತು ನನಗೆ! ನಾನೂ ಬಿಟ್ಟೆ. ಬಿಟ್ಟು, ಅಲ್ಲೇ ನಿಂತೆ. ಓಡಬಹುದಿತ್ತು. ಕೆಳಗೆ ಬಾಗಿಲು ತೆರೆದಿತ್ತು, ಬೀದಿಯಲ್ಲಿ ಜನ ಓಡಾಡುವ ಸದ್ದು ಕೇಳುತ್ತಿತ್ತು. ಆದರೆ ನೀನು ಬಿಟ್ಟ ಮೇಲೆ ಓಡುತ್ತಿರಲಿಲ್ಲವಲ್ಲ. ಪಕ್ಕದಲ್ಲಿ ಕೂತು ನೀರು ಕೊಡುತ್ತಿದ್ದೆ. ನಾನು ನಿಜವಾಗಿಯೂ "ಕೂತ್ಕೊಳ್ಳಿ" ಅಂದೆ ಅವನಿಗೆ.

ಅವನು ನಕ್ಕ. ಆಮೇಲೆ ಎರಡೂ ಕೈಯಿಂದ ನನ್ನ ಕತ್ತು ಹಿಡಿದ.

ನಿನ್ನ ಹಿಡಿತಕ್ಕೆ ಅವನ ಕೈ ಸಿಗಲಿಲ್ಲ. ಬಲಗೈ ಬೆರಳಿನಿಂದ ಅವನ ಹೆಬ್ಬೆರಳು ಬಿಡಿಸಲು ನೋಡಿದೆ, ಅವನು ಒಂದು ಕೈ ತೆಗೆದು ನನ್ನ ಬೆರಳನ್ನು ಹಿಂದಕ್ಕೆ ಮಡಚಿದ, ಮುರಿದದ್ದು ಕೇಳಿಸಿತು. ಉಸಿರು ನಿಂತಿತು. ಎಡ ಮುಂಗೈಗೆ ಚೀಲ ನೇತುಬಿದ್ದಿತ್ತು, ಚೀಲದಲ್ಲಿ ಡಬ್ಬಿ ಇತ್ತು. ಬೀಸಿದೆ. ಎಲ್ಲಿಗೆ ತಾಗಲಿ ಎಂದು ನೋಡಲಿಲ್ಲ, ಕತ್ತಿನಿಂದ ಕೈ ಹೋದರೆ ಸಾಕಿತ್ತು. ದವಡೆಗೆ ತಾಗಿತು.

ಅವನು ಮೆಟ್ಟಿಲಿನ ಮೇಲೆ ಕುಸಿದು ಕೂತ. ನಾನು ಚೀಲವನ್ನು ಮತ್ತೆ ಎತ್ತಿದ್ದೆ, ಅಮ್ಮ. ತಲೆಗಿಂತ ಮೇಲೆ. ಆಗ ನನ್ನಲ್ಲಿ ಭಯ ಇರಲಿಲ್ಲ, ಬೇರೆ ಏನೋ ಇತ್ತು, ಅದರ ಹೆಸರು ಹೇಳುವುದಕ್ಕೂ ನನಗೆ ನಾಚಿಕೆ. ಅವನ ಕೈ ನೋಡಿದೆ. ಎರಡೂ ಅಂಗೈ ಮೇಲಾಗಿ ತೊಡೆಯ ಪಕ್ಕದಲ್ಲಿ ಬಿದ್ದಿದ್ದವು. ಆ ಸಲ ನಟನೆ ಅಲ್ಲ. ನಾನು ಚೀಲ ಇಳಿಸಿದೆ, ಮೇಲಕ್ಕೆ ಓಡಿದೆ, ಲ್ಯಾಬಿನ ಬಾಗಿಲು ಹಾಕಿ ಚಿಲಕ ಜಡಿದು ಕೂಗಿದೆ.

ಯಜಮಾನರು ಪೊಲೀಸರಿಗೂ ಆಂಬುಲೆನ್ಸಿಗೂ ಫೋನ್ ಮಾಡಿದರು. ಅವರು ಮಾಡುತ್ತಿದ್ದಾಗ ನನಗೆ ನೆನಪಾಯಿತು, ಬಾಯಲ್ಲಿ ರಕ್ತ ಇರುವವರನ್ನು ಅಂಗಾತ ಬಿಡಬಾರದು ಎಂದು ನೀನು ಹೇಳುತ್ತಿದ್ದದ್ದು. ಎಲ್ಲರೂ ಒಟ್ಟಿಗೆ ಇಳಿದೆವು. ಲ್ಯಾಬಿನಲ್ಲಿ ಅಚ್ಚು ಹೊಯ್ಯುವ ಅಣ್ಣ ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದ. ನಾನು ದೂರ ನಿಂತು ಹೇಗೆಂದು ಹೇಳಿದೆ, ಹತ್ತಿರ ಹೋಗಲಿಲ್ಲ. ಮೆಟ್ಟಿಲಿನ ಮೇಲೆ ಹಲ್ಲು ಬಿದ್ದಿದ್ದವು. ಒಂದು ಹಲ್ಲಿನ ಮೇಣದ ಅಚ್ಚಿಗೆ ನಾನು ಅರ್ಧ ಬೆಳಗು ಕೂರುತ್ತೇನೆ. ಇವು ಒಂದೇ ಏಟಿಗೆ ಹೋಗಿದ್ದವು.

ಅವನ ದವಡೆ ಎರಡು ಕಡೆ ಮುರಿದಿದೆ. ತನಿಖೆಗೆ ಬಂದ ಅಧಿಕಾರಿ ಒಬ್ಬ ಹೆಂಗಸು. ಡಬ್ಬಿಯನ್ನೂ ತೆಗೆದುಕೊಂಡು ಹೋಗಿದ್ದಾರೆ. ನನ್ನ ಏಟು ಬೇಕಾದಷ್ಟೇ ಇತ್ತೋ, ಹೆಚ್ಚಾಯಿತೋ ಎಂದು ಅವರು ನೋಡಬೇಕಂತೆ. ಅದು ಅವರ ಕೆಲಸ, ನೋಡಲಿ. ನನಗೆ ಹೆದರಿಕೆ ಅವರದ್ದಲ್ಲ. "ಒಬ್ಬರ ಮೇಲೂ ಕೈ ಎತ್ತಲಿಲ್ಲ" ಎಂದು ಬರೆದಿದ್ದೆಯಲ್ಲ ನೀನು. ನಾನು ಎತ್ತಿದೆ. ನಿನ್ನ ಪಾಠ ಅರ್ಧ ದಾರಿಯಲ್ಲಿ ಕೈಕೊಟ್ಟಿತು ಎಂದು ಹೇಳಿದರೆ ನಿನ್ನ ಇಡೀ ಕೆಲಸವನ್ನೇ ಅವಮಾನ ಮಾಡಿದ ಹಾಗೆ, ಹೊಡೆದೆ ಎಂದು ಹೇಳಿದರೆ ನಿನ್ನ ಮಗಳೇ ಅಲ್ಲದ ಹಾಗೆ. ಅದಕ್ಕೆ ಬರೆಯಲಿಲ್ಲ. ಆ ಹುಡುಗಿಯ ವಿಷಯ ಬರದಿದ್ದರೆ ಇನ್ನೂ ಬರೆಯುತ್ತಿರಲಿಲ್ಲವೋ ಏನೋ.

ಬಿಟ್ಟ ಮೇಲೆ ನಿಲ್ಲಬಾರದೆಂದು ಅವಳಿಗೆ ಹೇಳು, ಅಮ್ಮ. ತಲೆ ಸವರಬಾರದು. ನೀರು ಕೊಡಬಾರದು.

ಇದೆಲ್ಲ ಎಡಗೈಯಲ್ಲಿ ಬರೆದದ್ದು. ಬಸ್ಸು ಗಿಸ್ಸು ಏನೂ ಇಲ್ಲ. ಕತ್ತಿನ ಪಟ್ಟಿ ಚಳಿಗಲ್ಲ.

ನಿನ್ನ ಮಗಳು


ಮಾರ್ಚ್ 21

ಅಮ್ಮ,

ನನ್ನ ಪತ್ರ ತಲುಪಿತಾ? ಆಂಟಿಗೆ ಫೋನ್ ಮಾಡಿದರೆ, "ಓದಿದ್ದಾಳೆ. ಚೆನ್ನಾಗಿದ್ದಾಳೆ. ಬರೀತಾಳೆ ಬಿಡು" ಎಂದು ಇಟ್ಟುಬಿಟ್ಟರು. ಅವರು ಇಷ್ಟು ಕಮ್ಮಿ ಮಾತಾಡುವವರಲ್ಲ.

ಬೈದಾದರೂ ಒಂದು ಸಾಲು ಬರೆ.


ಮಾರ್ಚ್ 24

ನನ್ನ ಕಂದ,

ಬೈಯಲು ಅಲ್ಲ ತಡವಾದದ್ದು. ನಿನ್ನ ಪತ್ರವನ್ನು "ಅವನು ನಕ್ಕ" ಎನ್ನುವ ತನಕ ಓದುವುದು, ಮಡಚುವುದು. ಮತ್ತೆ ತೆಗೆಯುವುದು, ಅಲ್ಲಿಗೆ ಬರುವುದು, ಮಡಚುವುದು. ಕೊನೆಗೆ ಬೀಗದ ಕೈ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ಮುಗಿಸಿ ಕಾಗದ ಮಡಚಿಟ್ಟಳು.  

ಆಮೇಲೆ ಅವಳು ಒಂದು ಮಾತು ಕೇಳಿದಳು. "ಹಿಡಿಯೋವಾಗ ನಾನೆಲ್ಲಿರ್ತಿದ್ದೆನೇ?"

ನಾನು ಹೇಳಿದೆ, "ಬಾಗಿಲ ಹತ್ರ."

"ಉಳಿದವರು?"

ಆಗ ನನಗೆ ಹೊಳೆಯಿತು. ಒಬ್ಬಳು ಬಾಗಿಲಲ್ಲಿ, ಒಬ್ಬಳು ಕಾಲ ಕಡೆ, ಒಬ್ಬಳು ನನ್ನ ಬೆನ್ನಿಗೆ. ಗಂಟೆ ಒತ್ತಿದರೆ ಪಕ್ಕದ ವಾರ್ಡಿನವರೂ ಓಡಿಬರುತ್ತಿದ್ದರು. ನಾನು ಮೆತ್ತಗಾಗಬಹುದಿತ್ತು, ಯಾಕೆಂದರೆ ನನ್ನ ಹಿಂದೆ ಮೆತ್ತಗಾಗದವರು ನಿಂತಿದ್ದರು. ರಾತ್ರಿ ಊಟದ ಹೊತ್ತಿಗೆ ನಿನಗೆ ಕಥೆ ಹೇಳುವಾಗ ಅವರನ್ನೆಲ್ಲ ಬಿಟ್ಟು ಹೇಳುತ್ತಿದ್ದೆ. ಮುಚ್ಚಿಟ್ಟದ್ದಲ್ಲ. ಬಾಗಿಲು ಇತ್ತು, ಕಿಟಕಿ ಇತ್ತು ಎಂದು ಯಾರಾದರೂ ಕಥೆಯಲ್ಲಿ ಹೇಳುತ್ತಾರಾ? ಅವರು ನನಗೆ ಹಾಗೇ ಇದ್ದರು. ನೀನು ಮಾತ್ರ ಅಮ್ಮ ಒಬ್ಬಳೇ ಹಿಡಿಯುತ್ತಾಳೆ ಎಂದು ನಂಬಿ ಬೆಳೆದೆ, ಒಬ್ಬಳೇ ಆ ಮೆಟ್ಟಿಲಿನಲ್ಲಿ ಹಿಡಿದೆ. ಇನ್ನೊಂದೂ ಇದೆ. ನನ್ನ ವಾರ್ಡಿನವರು ಯಾರನ್ನೂ ಕಾದು ಕೂತು ಹಿಡಿದವರಲ್ಲ. ಅವರಿಗೆ ತಮ್ಮ ಕೈ ತಮ್ಮ ಮಾತು ಕೇಳುತ್ತಿರಲಿಲ್ಲ, ಅಷ್ಟೇ. ನಿನ್ನ ಕತ್ತು ಹಿಡಿದವನ ಕೈ ಅವನ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಇಬ್ಬರಿಗೂ ಒಂದೇ ಪಾಠ ಹೇಗಾಗುತ್ತದೆ? ವಾರ್ಡು ಬೇರೆ, ಬೀದಿ ಬೇರೆ ಎಂದು ನೀನು ಬರೆದಿದ್ದೆ. ಹೊಟ್ಟೆಕಿಚ್ಚು ಎಂದು ನಾನು ಹಲ್ಲುಕಿಸಿದೆ.

ಈಗ ಇದನ್ನು ಗಮನ ಕೊಟ್ಟು ಓದು. ನೀನು ಹೊಡೆದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಹೊಡೆಯದೆ ನೀನು ಆ ಮೆಟ್ಟಿಲಿನಲ್ಲೇ ಉಳಿದುಬಿಟ್ಟಿದ್ದರೆ ನನ್ನ ಪಾಠ ಇಟ್ಟುಕೊಂಡು ನಾನೇನು ಮಾಡಲಿ? ಉಸಿರಿಗಾಗಿ ಹೊಡೆದ ಏಟು ಉಸಿರಿನಷ್ಟೇ ನಿನ್ನದು. ಆದರೆ ಆಮೇಲೆ ಚೀಲ ಎತ್ತಿ, ಅವನ ಕೈ ನೋಡಿ, ಇಳಿಸಿದೆಯಲ್ಲ, ಅದನ್ನು ಯಾಕೆ ನಾಚಿಕೆಯಿಂದ ಬರೆದೆ? ಕೆರಳಿದಾಗ ಎತ್ತುವುದು ಎಲ್ಲರ ಕೈಗೂ ಬರುತ್ತದೆ. ವಾರ್ಡಿನಲ್ಲಿ ನಾನೂ ಎಷ್ಟೋ ಸಲ ಒಳಗೊಳಗೇ ಕೈ ಎತ್ತಿದ್ದೇನೆ. ಇಳಿಸುವುದನ್ನು ಕಲಿಯಲು ನನಗೆ ಒಂದು ಆಯಸ್ಸು ಹಿಡಿಯಿತು. ನೀನು ಕತ್ತಿನ ಮೇಲೆ ಅವನ ಬೆರಳಿನ ಗುರುತು ಇಟ್ಟುಕೊಂಡು ಇಳಿಸಿದೆ. ನಾನು ಕಲಿಸಿದ್ದು ಅದೇ ಕಣೆ. ಹಿಡಿಯುವುದಲ್ಲ, ನಿಲ್ಲಿಸುವುದು. ನನ್ನ ಪಾಠ ಕೈಕೊಟ್ಟದ್ದು ಮೊದಲ ಸಲ ಮಾತ್ರ. ಎರಡನೇ ಸಲ ಅದು ನಿನ್ನ ಕೈಯಲ್ಲೇ ಇತ್ತು.

ನಿನ್ನ ಪತ್ರ ಬಂದ ಮೇಲೆ ತಾರಸಿಯ ಮೇಲೆ ಎಲ್ಲರನ್ನೂ ಕೂರಿಸಿ, ನಾನು ಹೇಳಿಕೊಟ್ಟದ್ದು ಅರ್ಧ ತಪ್ಪು ಅಂದೆ. ಯಾರೂ ನಗಲಿಲ್ಲ. ಈಗ ಕೇಡಿಯ ಪಾತ್ರ ನನ್ನದೇ. ಹಿಡಿಯುತ್ತೇನೆ, ಅವರು ಬಿಡಿಸಿಕೊಳ್ಳುತ್ತಾರೆ, ನಾನು ಮೆತ್ತಗಾದ ಹಾಗೆ ನಟಿಸುತ್ತೇನೆ. ಪಾಪ ಎಂದು ಯಾರಾದರೂ ನಿಂತರೆ ಮತ್ತೆ ಹಿಡಿಯುತ್ತೇನೆ. ಓಡಿದವಳು ಮಾತ್ರ ಪಾಸು. ಮೊದಲ ದಿನ ಬೇಕರಿ ಹುಡುಗಿ ಮೂರು ಸಲ ನಿಂತಳು, ನನ್ನ ಮೊಣಕಾಲಿಗೆ ಪೆಟ್ಟಾಯಿತೇನೋ ಎಂದು ನೋಡಲು! ಬೀಗದ ಕೈ ಕೂಗಿದಳು, "ಓಡೇ ಮಾರಾಯ್ತಿ, ಅವಳ ಮೊಣಕಾಲು ನೋಡ್ಕೊಳ್ಳೋಕೆ ನಾನಿದ್ದೀನಿ!"

ಒಬ್ಬಳು ಕೇಳಿದಳು, "ಓಡೋಕೆ ದಾರಿನೇ ಇಲ್ದಿದ್ರೆ, ಆಂಟಿ?" ನಾನಂದೆ, "ಕೈಗೆ ಸಿಕ್ಕಿದ್ರಲ್ಲಿ ಹೊಡಿ. ಅವನು ಬಿಡೋವರೆಗೆ. ಬಿಟ್ಟ ಮೇಲೆ ಇನ್ನೊಂದು ಏಟು ಹಾಕಿದ್ರೆ ಅದು ನಿನ್ನ ಜೀವಕ್ಕಲ್ಲ, ನಿನ್ನ ಸಿಟ್ಟಿಗೆ. ಅದನ್ನ ಅಲ್ಲೇ ಬಿಟ್ಟು ಓಡು. ದೂರ ಹೋಗಿ ಕೂಗು. ಪೊಲೀಸರನ್ನ ಕರಿ, ಅವನಿಗೆ ಆಂಬುಲೆನ್ಸೂ ಕರಿ. ಅಷ್ಟು ಮಾಡಿದ್ರೆ ಸಾಕು, ನೀರು ಬೇರೆಯವರು ಕೊಡ್ತಾರೆ."

ಬೆಳಗಿನ ಹೊತ್ತು ನಾನು, ಬೀಗದ ಕೈ, ಅವಳ ಗಂಡ, ಮೂವರೂ ಆ ಹುಡುಗಿಯನ್ನು ಹಳಿಯ ಆಚೆಗೆ ಬಿಟ್ಟು ಬರುತ್ತೇವೆ. ಗೊಂಚಲಿನ ಸದ್ದು ಆ ದಾರಿ ತುಂಬಾ ಕೇಳುತ್ತದೆ. ಅವನು ಒಂದು ದಿನ ಕಂಡ. ನಮ್ಮನ್ನು ನೋಡಿ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದ, ಹಾಗೇ ಹಿಂದಕ್ಕೆ ತಿರುಗಿ ಹೋದ. ಹುಡುಗಿಯ ತಾಯಿಗೂ ಹೇಳಿದೆವು, ಠಾಣೆಗೂ ಹೋಗಿ ಹೇಳಿದೆವು. ಕೆಲಸ ಬಿಡಿಸಲಿಲ್ಲ. ಬರುವಾಗ ಬಿಸಿ ಬನ್ನು ಸಿಗುತ್ತದೆ, ಅದರಿಂದಾಗಿ ಬೀಗದ ಕೈಯ ಗಂಡನ ಸಕ್ಕರೆ ಮಾತ್ರ ಏರಿದೆ.

ನಿನ್ನ ಬೆರಳು ಹೇಗಿದೆ? ಮೇಣ ಕೆತ್ತುವ ಬೆರಳು ಅದು. ಈಗ ಯಾವ ದಾರಿಯಲ್ಲಿ ಲ್ಯಾಬಿಗೆ ಹೋಗುತ್ತೀಯ ಎಂದು ನೀನು ಬರೆದಿಲ್ಲ. ಬರೆಯದೆ ಬಿಟ್ಟದ್ದನ್ನು ಓದುವುದು ನನಗೂ ಈಗ ಬರುತ್ತಿದೆ. ಟಿಕೆಟ್ ತೆಗೆಸಿದ್ದೇನೆ. ಈ ಪತ್ರದ ಬೆನ್ನಿಗೇ ಬರುತ್ತೇನೆ. ಆ ಮೆಟ್ಟಿಲು ನಾನೊಮ್ಮೆ ನೋಡಬೇಕು. ನೀನು ಮುಂದೆ ಇಳಿ, ನಾನು ನಿನ್ನ ಬೆನ್ನಿಗೆ ನಿಲ್ಲುತ್ತೇನೆ.

ಅಮ್ಮ


ಏಪ್ರಿಲ್ 19

ಅಮ್ಮ,

ನೋಡು ಅಕ್ಷರ. ಬಲಗೈ! ನಿನ್ನೆ ಬೆರಳಿನ ಪಟ್ಟಿ ಬಿಚ್ಚಿದರು. ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಮೇಣದ ಚಾಕು ಹಿಡಿದರೆ ನಡುಗುತ್ತದೆ, ಯಜಮಾನರು ಹಿಂದಿನ ಹಲ್ಲುಗಳನ್ನೇ ಕೊಟ್ಟಿದ್ದಾರೆ. ಅವು ಸ್ವಲ್ಪ ಸೊಟ್ಟಗಾದರೂ ಯಾರಿಗೂ ಕಾಣುವುದಿಲ್ಲ, ನಗು ಕೆಡುವುದಿಲ್ಲ ಅಂತಾರೆ.

ನೀನು ಹೊರಟ ಮೇಲೆ ಆ ಅಧಿಕಾರಿ ಬಂದಿದ್ದರು. ನನ್ನ ಮೇಲೆ ಏನೂ ಇಲ್ಲವಂತೆ, ಅವನ ಮೇಲೆ ಮೊಕದ್ದಮೆ ನಡೆಯುತ್ತದಂತೆ, ನಾನು ಸಾಕ್ಷಿ ಹೇಳಬೇಕಂತೆ. ಡಬ್ಬಿ ಮೊಕದ್ದಮೆ ಮುಗಿಯುವ ತನಕ ಅವರ ಹತ್ತಿರವೇ ಇರುತ್ತದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಒಂದು ಮಾತು, ಇದು ಕಾಗದಕ್ಕಲ್ಲ. ಎತ್ತಿದ ಕೈಯನ್ನ ಹ್ಯಾಗೆ ಇಳಿಸಿದ್ರಿ?" ನಾನಂದೆ, "ನಮ್ಮಮ್ಮ ವಾರ್ಡಿನಲ್ಲಿ ಆಯಾ ಆಗಿದ್ರು." ಅವರಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಹೋದರು.

ನೀನು ಬಂದು ಆ ಮೆಟ್ಟಿಲು ನೋಡಿದ ದಿನದ್ದು ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಬರೆದರೆ ನನ್ನ ಹತ್ತಿರ ಉಳಿಯುತ್ತದೆ ಅನಿಸುತ್ತದೆ. ನೀನು ಹಿಂದೆ, ನಾನು ಮುಂದೆ. ಮೊದಲ ಮೆಟ್ಟಿಲಿನಲ್ಲೇ ಕಾಲು ಬರಲಿಲ್ಲ. ನೀನು ದೂಡಲಿಲ್ಲ. ನಿನ್ನ ಮೊಣಕಾಲು ಲಟಕ್ಕೆನ್ನುವುದು ಮಾತ್ರ ಹಿಂದಿನಿಂದ ಕೇಳುತ್ತಿತ್ತು. ಆ ಸದ್ದು ಕೇಳಿಕೊಂಡೇ ತಿರುವಿನ ತನಕ ಇಳಿದೆ. ಅಲ್ಲಿ ನೀನು, "ಈಗ ಹಿಡೀತೀನಿ, ಹೇಳೇ ಹಿಡೀತೀನಿ, ಬೇಡ ಅಂದ್ರೆ ಬೇಡ" ಅಂದೆ. ನಾನು ಹೂಂ ಅಂದೆ. ನೀನು ತೋಳು ಹಿಡಿದೆ. ನಾನು ಕೊಡವಿ ಬಿಡಿಸಿಕೊಂಡು ಓಡಿದ್ದು ಬೀದಿಯ ಆಚೆಯ ಹೂವಿನ ಅಂಗಡಿಯ ತನಕ. ಮೆಟ್ಟಿಲ ಮೇಲಿಂದ ನೀನು "ಪಾಸು!" ಎಂದು ಕೂಗಿದ್ದು ಅಲ್ಲಿಗೂ ಕೇಳಿಸಿತು. ಅಂಗಡಿಯವನು ಇವತ್ತಿಗೂ ನನ್ನನ್ನು ಕಂಡರೆ ಒಂಥರಾ ನೋಡುತ್ತಾನೆ.

ನಾನು ವಾಪಸು ಬಂದೆ. ನೀನು ಕೆಳಗಿನ ಮೆಟ್ಟಿಲಿನಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತೆ. ಅವನು ಹಿಡಿದ ಆ ಬೆಳಗ್ಗೆಯಿಂದ ಒಂದು ಹನಿಯೂ ಅತ್ತಿರಲಿಲ್ಲ ನಾನು, ಪೊಲೀಸರ ಎದುರೂ ಇಲ್ಲ, ಬೆರಳು ಕೂರಿಸುವಾಗಲೂ ಇಲ್ಲ. ಆಗ ಬಂತು. ನೀನು ಹಿಡಿದುಕೊಂಡೆ, ಒಂದು ಕೈ ಮಣಿಕಟ್ಟಿಗೆ, ಒಂದು ಮೊಣಕೈಗೆ, ಬೇರೆ ಥರ ಹಿಡಿಯುವುದು ನಿನಗೆ ಬರುವುದೇ ಇಲ್ಲ. "ಆಯ್ತು, ಆಯ್ತು" ಅಂದೆ. ಅತ್ತು ಅತ್ತು ನನ್ನ ಕೈ ಮೆತ್ತಗಾಯಿತು, ಪೂರ್ತಿ ಮೆತ್ತಗಾಯಿತು. ಇನ್ನೇನು ಬಿಡುತ್ತೀಯ ಅಂದುಕೊಂಡೆ.

ನೀನು ಬಿಡಲಿಲ್ಲ.

ನಿನ್ನ ಸೊಳ್ಳೆ